ಇದ್ದುದರಲ್ಲೇ ಕಟ್ಟುವ ಕಲೆ

(ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಅಡಿಕೆ ತೋಟದ ಮನೆಗಳಿಂದ ಬಂದವರು ಈ ಸಭೆಯಲ್ಲಿ ತುಂಬ ಜನ ಇದ್ದೀರಿ. ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆ ಏನೇನು ಕೆಲಸಕ್ಕೆ ಬರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಊಟಕ್ಕೆ ತಟ್ಟೆ. ಎಣ್ಣೆ ಹಚ್ಚಿದ ಮಗುವನ್ನು ಮಲಗಿಸಿ ಮೀಯಿಸುವುದಕ್ಕೂ ಅದೇ. ಸ್ವಲ್ಪ ದೊಡ್ಡ ಮಕ್ಕಳಿಗೆ ಅದೇ ಗಾಡಿ, ಒಬ್ಬ ಕೂರುವುದು, ಇನ್ನೊಬ್ಬ ಎಳೆಯುವುದು. ದೈವಾರಾಧನೆಯ ಕೋಲದ ದಿನ ಬಂದರೆ ಆ ಹಾಳೆಯೇ ಬಿದಿರಿನ ಸೀಳು, ತೆಂಗಿನ ತಿರಿಗಳ ಜೊತೆ ಸೇರಿ ಅಣಿಯೆಂಬ ಎತ್ತರದ ಅಲಂಕಾರವಾಗಿ ದೈವ ಕಟ್ಟಿದವರ ಬೆನ್ನ ಹಿಂದೆ ಎದ್ದು ನಿಲ್ಲುತ್ತದೆ. ದಿನನಿತ್ಯದ ಕೆಲಸದಲ್ಲಿ, ಇದ್ದುದನ್ನೇ ಹೊಂದಿಸಿಕೊಂಡು ಪಳಗಿದ ಕೈಯೇ ನಮ್ಮ ಕರಾವಳಿಯಲ್ಲಿ ಕಲೆಯ ಕೈಯೂ ಆಯಿತು ಎಂಬುದು ಇವತ್ತು ನಾನು ಹೇಳಹೊರಟಿರುವ ಮಾತು.

ಅಣಿ ಕಟ್ಟುವುದನ್ನು ಹತ್ತಿರ ಕುಳಿತು ನೋಡಬೇಕು. ಒಣಗಿದ ಹಾಳೆಯನ್ನು ಹಾಗೇ ಬಗ್ಗಿಸಿದರೆ ಎಳೆಯುದ್ದಕ್ಕೂ ಸೀಳಿಬಿಡುತ್ತದೆ. ನೀರಿನಲ್ಲಿ ನೆನೆಸಬೇಕು, ಮೆತ್ತಗಾದ ಮೇಲೆ ಎಳೆ ಎತ್ತ ಓಡಿದೆ ಎಂದು ನೋಡಿ ಅತ್ತಲೇ ಬಗ್ಗಿಸಬೇಕು. ತಿರಿಯೆಂದರೆ ಇನ್ನೂ ಹಸಿರು ತಿರುಗದ ಎಳೆಯ ಗರಿ. ಕಡ್ಡಿ ತೆಗೆದು, ಉಗುರಿನಿಂದ ಸಣ್ಣಗೆ ಸೀಳುತ್ತಾ ಹೋಗುತ್ತಾರೆ. ಹಗಲಿನಲ್ಲಿ ನೋಡಿದರೆ ಅದು ಬರೀ ಗರಿ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಮೈ ತಿರುಗಿತೆಂದರೆ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಆಡುತ್ತದೆ. ಆದರೆ ತಿರಿ ಬಾಳಿಕೆ ಬರುವುದಿಲ್ಲ, ಬಾಡಿಹೋಗುತ್ತದೆ. ಹಾಗಾಗಿ ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಈ ಸಲ ಸಿಕ್ಕಿದ ಗರಿ ಗಿಡ್ಡ ಇರಬಹುದು, ಹಾಳೆ ಅಗಲ ಸಾಲದಿರಬಹುದು. ಕಟ್ಟುವವನ ಮನಸ್ಸಿನಲ್ಲಿ ರೂಪ ಖಚಿತವಾಗಿ ಉಂಟು, ಅದಕ್ಕೆ ತಲುಪುವ ದಾರಿಯನ್ನು ಮಾತ್ರ ಪ್ರತಿ ಸಲ ಹೊಸದಾಗಿ ಹುಡುಕಬೇಕು. ಬಾಳಿಕೆ ಬರದ ಸಾಮಗ್ರಿಯೇ ಕೈಯನ್ನು ಜಡವಾಗಲು ಬಿಡಲಿಲ್ಲ ಎಂದು ನನಗನಿಸುತ್ತದೆ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಬಡತನವೇ ಕಲೆಯ ತಾಯಿ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಈ ವಿದ್ಯೆಯನ್ನು ಉಳಿಸಿಕೊಂಡು ಬಂದ ನಲಿಕೆ, ಪರವ, ಪಂಬದ ಸಮುದಾಯದವರು ಇಲ್ಲದಿಕೆಯನ್ನು ತಾವಾಗಿ ಆರಿಸಿಕೊಂಡವರಲ್ಲ. ರಾತ್ರಿ ದೈವದೆದುರು ಕೈಮುಗಿದ ಊರು ಬೆಳಗಾದ ಮೇಲೆ ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದು ನಮಗೆಲ್ಲ ಗೊತ್ತುಂಟು. ಅವರ ಕೈಚಳಕವನ್ನು ಕೊಂಡಾಡುವವರು ಅವರ ಕೂಲಿಯ ಮಾತನ್ನೂ ಆಡಬೇಕು.

ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಬನ್ನಿ. ರಾಕ್ಷಸ ಪಾತ್ರಗಳ ಬಣ್ಣದ ವೇಷದ ಮುಖದಲ್ಲಿ ಮುಳ್ಳುಮುಳ್ಳಾಗಿ ಏಳುವ ಚಿಟ್ಟಿ ಅಕ್ಕಿಹಿಟ್ಟು, ಸುಣ್ಣಗಳದ್ದು. ಕಿರೀಟ, ಭುಜಕೀರ್ತಿಗಳ ಒಳಗಿರುವುದು ಹಗುರ ಮರ, ಮೇಲೆ ಹೊಳೆಯುವ ಬೇಗಡೆ. ರಂಗಸ್ಥಳದಲ್ಲಿ ಇಬ್ಬರು ಹಿಡಿದ ಒಂದು ತುಂಡು ಬಟ್ಟೆಯೇ ತೆರೆ.

ಇದಕ್ಕಿಂತ ಹೆಚ್ಚು ನನ್ನನ್ನು ಹಿಡಿದಿಟ್ಟದ್ದು ತಾಳಮದ್ದಲೆ. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ, ಬಯಲಿನಲ್ಲಿ ಆಟವಿಲ್ಲ. ಆಗ ಒಳಗೆ ಕುಳಿತು, ವೇಷವಿಲ್ಲದೆ, ಕುಣಿತವಿಲ್ಲದೆ, ಹಾಡು ಮತ್ತು ಮಾತಿನಿಂದಲೇ ರಾತ್ರಿ ಕಳೆಯುತ್ತದೆ. ಹಾಡುವ ಪದ್ಯ ಬರೆದಿಟ್ಟದ್ದು. ಅರ್ಥ, ಅಂದರೆ ಅರ್ಥಧಾರಿ ಪಾತ್ರವಾಗಿ ಆಡುವ ಮಾತು, ಆ ಕ್ಷಣದ್ದು. ಮೊದಲೇ ಕುಳಿತು ಅಭ್ಯಾಸ ಮಾಡುವ ಪದ್ಧತಿ ಇಲ್ಲ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ನನ್ನಲ್ಲಿ ಒಂದು ಮಾತು ಹೇಳಿದ್ದರೆ ಸೀತೆಯನ್ನು ನಾನೇ ತಂದುಕೊಡುತ್ತಿದ್ದೆನಲ್ಲ ಎಂದೂ ಪಟ್ಟು ಹಾಕಬಹುದು. ವಾಲ್ಮೀಕಿಯಲ್ಲೂ ಇರುವ ವಾದವೇ ಅದು, ಆದರೆ ಇವತ್ತಿನ ವಾಲಿ ಅದನ್ನು ಯಾವ ಕಡೆಯಿಂದ ತರುತ್ತಾನೆ ಎಂದು ರಾಮನಿಗೆ ಗೊತ್ತಿಲ್ಲ. ಬಾಯಿಪಾಠ ಮಾಡಿದ್ದು ಆಗ ನಡೆಯುವುದಿಲ್ಲ. ಧರ್ಮಶಾಸ್ತ್ರ, ಲೋಕಾನುಭವ, ನಿನ್ನೆ ಓದಿದ್ದು, ಮೊನ್ನೆ ಕೇಳಿದ್ದು, ಕೈಗೆ ಸಿಕ್ಕಿದ್ದರಿಂದಲೇ ಉತ್ತರ ಕಟ್ಟಬೇಕು. ಅತ್ತ ವಾಲಿಯೂ ಸ್ವತಂತ್ರನಲ್ಲ. ಹಾಡುವ ಭಾಗವತರು ಎತ್ತಲಿರುವ ಮುಂದಿನ ಪದ್ಯದಲ್ಲಿ ಅವನು ಶರಣಾಗಲೇಬೇಕು. ವಾದದಲ್ಲಿ ಗೆಲ್ಲುತ್ತಾ ಹೋದವನು, ಸೋತೆನೆಂದು ತೋರದ ಹಾಗೆ, ಭಕ್ತಿಯ ಕಡೆಗೆ ತಿರುಗಬೇಕು. ಎರಡು ಪದ್ಯಗಳ ನಡುವಿನ ಆ ಜಾಗವೇ ಅರ್ಥಧಾರಿಯ ರಾಜ್ಯ. ವಾಲಿ, ರಾವಣ, ಮಾಗಧ (ಜರಾಸಂಧ) ಇಂಥ ಪಾತ್ರಗಳಿಗೆ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಅಲ್ಲಿ ಕಟ್ಟಿಕೊಟ್ಟ ತರ್ಕವನ್ನು ಕೇಳಿದವರು ಖಳನೆಂಬ ಮಾತನ್ನು ಸುಲಭವಾಗಿ ಆಡಲಾರರು. ಕಟ್ಟುಪಾಡಿಲ್ಲದ ಕಡೆ ಆಶುಪ್ರತಿಭೆಗೆ ಹೆಚ್ಚು ಅವಕಾಶ ಎಂದು ಹಲವರು ತಿಳಿಯುತ್ತಾರೆ. ನನ್ನ ಅನುಭವ ಅದಕ್ಕೆ ವಿರುದ್ಧ. ಮುಂದಿನ ಪದ್ಯದ ಹಂಗಿಲ್ಲದಿದ್ದರೆ ಅದು ಬರೀ ಹರಟೆಯಾಗುತ್ತಿತ್ತು.

ಕೈಗೆ ಸಿಕ್ಕಿದ್ದನ್ನು ಒಗ್ಗಿಸಿಕೊಳ್ಳುವ ಈ ಮಾತನ್ನು ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರನ್ನು ನೆನೆಯದೆ ಮುಗಿಸಲಾರೆ. 1949ರಲ್ಲಿ, ನಾಗಸ್ವರ ಊದುವ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಅದು ಕೀಲಿಗಳ ವಾದ್ಯ, ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತೆ ಹೋಗುವಂಥದ್ದು. ನಮ್ಮ ಕರ್ನಾಟಕ ಸಂಗೀತಕ್ಕೆ ಬೇಕಾದದ್ದು ಗಮಕ, ಅಂದರೆ ಸ್ವರವನ್ನು ಜಾರಿಸಿ ಬಳುಕಿಸುವುದು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ವಾದ್ಯವನ್ನೂ ತನಗೊಗ್ಗುವಂತೆ ಮಾರ್ಪಡಿಸಿ, ವರ್ಷಗಟ್ಟಲೆ ಉಸಿರು ತುಟಿಗಳನ್ನು ಪಳಗಿಸಿ ಅದರಿಂದ ಗಮಕ ಹೊರಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಕಛೇರಿಯಲ್ಲಿ ನುಡಿಸಿದರು. ಆ ಗೌರವಕ್ಕಿಂತ ದೊಡ್ಡದು ನನಗೆ ಊರಲ್ಲೇ ಕಾಣುತ್ತದೆ. ಈಗ ನಮ್ಮ ಜಿಲ್ಲೆಯ ಮದುವೆಗೆ, ದೇವಸ್ಥಾನದ ಉತ್ಸವಕ್ಕೆ ಸ್ಯಾಕ್ಸೋಫೋನ್ ಬೇಕೇ ಬೇಕು. ಊದುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಹೊರಗಿನ ವಾದ್ಯವೆಂದು ಯಾರೂ ಹೇಳುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಚರ್ಚಿಸೋಣ.