ತಪ್ಪೊಪ್ಪಿಕೊಂಡಿದ್ದು ಯಾವ ಭಾಷೆಯಲ್ಲಿ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ವಲಸೆ ಅಧಿಕಾರಿಗಳಿಗೆ ಸ್ಪ್ಯಾನಿಷ್ ಮಾತಾಡುವ ಕೂಲಿಕಾರರು ಇಟ್ಟಿರುವ ಹೆಸರು ‘ಲಾ ಮಿಗ್ರಾ’. ಯಾರಾದರೂ ಹಾಗೆ ಕೂಗಿದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡಬೇಕು ಅಂತ ಅರ್ಥ. ಇವತ್ತು ನಾನು ಹೇಳುವುದು ಓಡಲಾಗದೆ ಸಿಕ್ಕಿಬಿದ್ದವರ ಕಥೆ.

2008ರ ಮೇ 12. ಅಯೋವಾ ರಾಜ್ಯದ ಪೋಸ್ಟ್‌ವಿಲ್. ಎರಡು ಸಾವಿರಕ್ಕೆ ಸ್ವಲ್ಪ ಜಾಸ್ತಿ ಜನ ಇದ್ದ ಊರು. ಯಹೂದಿಗಳ ಕಟ್ಟಳೆ ಪ್ರಕಾರ ಮಾಂಸ ತಯಾರಿಸುವ ದೊಡ್ಡ ಕಾರ್ಖಾನೆಯೊಂದು ಅಲ್ಲಿತ್ತು. ಅವತ್ತು ಹೆಲಿಕಾಪ್ಟರ್ ಸಮೇತ ಬಂದ ವಲಸೆ ಅಧಿಕಾರಿಗಳು, ಸರಿಯಾದ ಕಾಗದಪತ್ರ ಇಲ್ಲದೆ ಅಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ 389 ಜನರನ್ನು ಹಿಡಿದರು. ಹೆಚ್ಚಿನವರು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಹಳ್ಳಿಗರು. ಇಷ್ಟು ಜನರನ್ನು ಇಡುವುದೆಲ್ಲಿ? ಅದೇ ರಾಜ್ಯದ ವಾಟರ್‌ಲೂನಲ್ಲಿ ದನಗಳ ಪ್ರದರ್ಶನ ನಡೆಯುವ ಮೈದಾನವಿತ್ತು. ಗಂಡಸರನ್ನು ಅಲ್ಲೇ ಕೂಡಿಹಾಕಿದರು, ಕೋರ್ಟನ್ನೂ ಅಲ್ಲಿಗೇ ತಂದರು. ಕೈಗೆ, ಸೊಂಟಕ್ಕೆ, ಕಾಲಿಗೆ ಸರಪಳಿ ಹಾಕಿ ಹತ್ತತ್ತು ಜನರನ್ನು ಒಟ್ಟಿಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರು.

ಇದು ನಮಗೆ ಇಷ್ಟು ವಿವರವಾಗಿ ಗೊತ್ತಾಗಿದ್ದು ಒಬ್ಬ ದುಭಾಷಿಯಿಂದ. ಎರಿಕ್ ಕಮಾಯ್ದ್ ಫ್ರೇಶಾಸ್, ಫ್ಲೋರಿಡಾದ ಪ್ರೊಫೆಸರ್. ಕೋರ್ಟಿನ ದುಭಾಷಿ ಹೊರಗೆ ಬಾಯಿ ಬಿಡಬಾರದು ಅನ್ನುವುದು ಆ ಕೆಲಸದ ಕಟ್ಟುಪಾಡು. ಆದರೆ ಈ ಮನುಷ್ಯನಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಕಂಡಿದ್ದನ್ನು ಬರೆದರು, ಅಮೆರಿಕದ ಸಂಸತ್ತಿನ ಸಮಿತಿಯೆದುರೂ ಹೇಳಿದರು.

ಅವರು ಕಂಡಿದ್ದೇನು? ಹಿಡಿದವರಲ್ಲಿ ಎಷ್ಟೋ ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಅನೇಕರ ಮನೆಮಾತು ಕಕ್ಚಿಕೆಲ್, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಒಂದು ಭಾಷೆ. ಗ್ವಾಟೆಮಾಲಾದಲ್ಲಿ ಇಂಥ 22 ಮಾಯಾ ಭಾಷೆಗಳಿವೆ. ಅವರಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ಆದರೂ ಎಲ್ಲರಿಗೂ ‘ಹಿಸ್ಪಾನಿಕ್’, ಅಂದರೆ ಸ್ಪ್ಯಾನಿಷ್ ಮಾತಿನ ನಾಡಿನವರು ಅಂತ ಒಂದೇ ಹಣೆಪಟ್ಟಿ, ಎಲ್ಲರಿಗೂ ಸ್ಪ್ಯಾನಿಷ್ ದುಭಾಷಿ. ಒಂದು ಕಾಲಕ್ಕೆ ಉತ್ತರದವರು ನಮ್ಮನ್ನೆಲ್ಲ ‘ಮದ್ರಾಸಿ’ ಅನ್ನುತ್ತಿದ್ದರಲ್ಲ, ಹಾಗೆ. ನಮಗೆ ಅದರಿಂದ ಸಿಟ್ಟು ಬರುತ್ತಿತ್ತು, ಅಷ್ಟೆ. ಇವರಿಗೆ ಜೈಲೇ ಆಯಿತು.

ಆರೋಪವೇನು ಅಂದರೆ, ಬೇರೆಯವರ ಗುರುತು ಕದ್ದಿದ್ದು. ಅಮೆರಿಕದಲ್ಲಿ ಕೆಲಸಕ್ಕೆ ಸೇರಲು ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಾರೆ, ಅದು ಸರ್ಕಾರ ಒಬ್ಬೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ. ಇವರು ಕೊಟ್ಟ ನಂಬರ್ ಇವರದ್ದಾಗಿರಲಿಲ್ಲ. ಆದರೆ ಆ ನಂಬರ್ ಅಂದರೇನು, ಯಾತಕ್ಕೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕದಿಯುವುದು ಹೇಗೆ ಸ್ವಾಮಿ? ಅವರ ಮುಂದೆ ಇಟ್ಟಿದ್ದು ಎರಡೇ ದಾರಿ. ಸಣ್ಣ ತಪ್ಪು ಒಪ್ಪಿಕೊಂಡರೆ ಐದು ತಿಂಗಳು ಜೈಲು, ಆಮೇಲೆ ಊರಿಗೆ. ಒಪ್ಪದೆ ಹೋದರೆ ದೊಡ್ಡ ಆರೋಪ, ಸಾಬೀತಾದರೆ ಕಡಿಮೆಯೆಂದರೂ ಎರಡು ವರ್ಷ. ನಿರ್ಧಾರಕ್ಕೆ ಏಳು ದಿನ ಗಡುವು. ಊರಲ್ಲಿ ಹೆಂಡತಿ ಮಕ್ಕಳು ದುಡ್ಡಿಗೆ ಕಾಯುತ್ತಿದ್ದರು. ಹೆಚ್ಚಿನವರು ಐದು ತಿಂಗಳಿಗೇ ಹೂಂ ಅಂದರು.

ಮರುವರ್ಷ ಮೇ ತಿಂಗಳಲ್ಲಿ, ಬೇರೊಂದು ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ವಾನುಮತದ ತೀರ್ಪು ಕೊಟ್ಟಿತು. ಆ ನಂಬರ್ ಇನ್ನೊಬ್ಬ ನಿಜವಾದ ಮನುಷ್ಯನದ್ದು ಅಂತ ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ತೋರಿಸಬೇಕು, ಇಲ್ಲದಿದ್ದರೆ ಆ ದೊಡ್ಡ ಆರೋಪ ನಿಲ್ಲುವುದಿಲ್ಲ ಅಂತ. ಅಷ್ಟರಲ್ಲಿ ಪೋಸ್ಟ್‌ವಿಲ್‌ನವರ ಐದು ತಿಂಗಳು ಮುಗಿದೇ ಹೋಗಿತ್ತು.

ಭಾಷೆ ಬರದವರ ಪಾಡು ಇದಾದರೆ, ಬರುವವರದ್ದು ಇನ್ನೊಂದು. 2018ರಲ್ಲಿ ಮೊಂಟಾನಾದ ಹ್ಯಾವರ್ ಊರಿನಲ್ಲಿ ಇಬ್ಬರು ಹೆಂಗಸರು ಹಾಲು, ಮೊಟ್ಟೆ ತರಲು ಅಂಗಡಿಗೆ ಹೋಗಿದ್ದರು. ಇಬ್ಬರೂ ಹುಟ್ಟಿದ್ದು ಅಮೆರಿಕದಲ್ಲೇ, ಇಂಗ್ಲಿಷೂ ಬರುತ್ತಿತ್ತು. ಸ್ಪ್ಯಾನಿಷಿನಲ್ಲಿ ಮಾತಾಡಿಕೊಂಡರು ಅಂತ ಗಡಿ ಕಾವಲಿನ ಅಧಿಕಾರಿ ಅವರನ್ನು ತಡೆದು ನಿಲ್ಲಿಸಿದ. ತಮಾಷೆ ನೋಡಿ, ಮೊಂಟಾನಾ ಅನ್ನುವ ಹೆಸರೇ ಸ್ಪ್ಯಾನಿಷಿನ ‘ಬೆಟ್ಟ’ ಅನ್ನುವ ಪದದಿಂದ ಬಂದಿದ್ದು!

ಚಹರೆ, ಸ್ಪ್ಯಾನಿಷ್ ಮಾತು, ನಿಂತ ಜಾಗ, ಮಾಡುವ ಕೆಲಸ ಇಷ್ಟನ್ನೇ ನೋಡಿ ಜನರನ್ನು ತಡೆಯಬೇಡಿ ಎಂದು ವಲಸೆ ಅಧಿಕಾರಿಗಳಿಗೆ ಲಾಸ್ ಏಂಜಲೀಸ್‌ನ ಕೆಳಕೋರ್ಟ್ ಹೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೇ ತಡೆ ಕೊಟ್ಟಿತು.

ಈಗ ವಲಸಿಗರ ಪರ ಸಂಘಟನೆಗಳು ಮನೆಯವರ ಹಕ್ಕುಗಳನ್ನು ಬರೆದ ಕೆಂಪು ಬಣ್ಣದ ಪುಟ್ಟ ಕಾರ್ಡ್ ಹಂಚುತ್ತವೆ. ಅಧಿಕಾರಿಗಳು ಮನೆಗೆ ಬಂದರೆ ಬಾಗಿಲು ತೆಗೆಯಬೇಡಿ, ಕಾರ್ಡನ್ನು ಬಾಗಿಲ ಸಂದಿಯಿಂದ ತಳ್ಳಿ, ವಾರಂಟ್ ತೋರಿಸಲು ಹೇಳಿ, ನ್ಯಾಯಾಧೀಶರ ಸಹಿ ಇದೆಯಾ ನೋಡಿ ಅಂತ ಕಲಿಸುತ್ತವೆ. ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ ವಾರಂಟ್ ಆದರೆ ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರುವಂತಿಲ್ಲ ಅನ್ನುವುದು ಆ ಪಾಠ. ಆ ವಾರಂಟ್ ಇರುವುದು ಇಂಗ್ಲಿಷಿನಲ್ಲಿ. ಎಷ್ಟೋ ಮನೆಗಳಲ್ಲಿ ಅದನ್ನು ಓದಿ ಹೇಳಬಲ್ಲವರು ಒಬ್ಬರೇ, ಸ್ಕೂಲಿಗೆ ಹೋಗುವ ಮಗು.