ಪರ್ಸಲ್ಲಿದ್ದ ಚೀಟಿ

ನಮಸ್ಕಾರ, ಹಿಂದಿನವ್ರಿಗೆ ಕೇಳಿಸ್ತಿದ್ಯಾ? ಸರಿ. ಕುಡಿತ ಬಿಡ್ಬೇಕು ಅನ್ನೋರು ಒಟ್ಟಿಗೆ ಕೂತು ಮಾತಾಡೋ ಮೀಟಿಂಗ್ ಹುಡುಕೋದು ಹೇಗೆ ಅಂತ ಮಾತಾಡಿ ಅಂದಾಗ ನಂಗೆ ನಗು ಬಂತು, ಅದ್ರಲ್ಲೇನಿದೆ, ಮೊಬೈಲಲ್ಲಿ ಹುಡುಕಿದ್ರೆ ವಿಳಾಸ ಸಿಗುತ್ತೆ, ಎದ್ದು ಹೋದ್ರಾಯ್ತು. ಆಮೇಲೆ ನೆನಪಾಯ್ತು, ನಂಗೂ ಒಬ್ರು ವಿಳಾಸ ಬರ್ಕೊಟ್ಟಿದ್ರು, ಆ ಚೀಟಿ ನನ್ ಪರ್ಸಲ್ಲಿ ಎಂಟು ತಿಂಗಳು ಕೂತಿತ್ತು. ಮಡಿಕೆ ಬಿದ್ದು ಬಿದ್ದು ಅಕ್ಷರವೇ ಅಳಿಸೋಗಿತ್ತು.

ಇದು ನಂದೊಬ್ಬನದೇ ಸೋಮಾರಿತನ ಅಂದ್ಕೊಂಡಿದ್ದೆ. ಆದ್ರೆ 1981ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಇದೆ, ಬರೀ 20 ಜನರ ಮೇಲೆ ಮಾಡಿದ್ದು. ಅರ್ಧ ಜನಕ್ಕೆ ಮೀಟಿಂಗ್ ಎಲ್ಲಿ, ಎಷ್ಟೊತ್ತಿಗೆ ಅಂತ ಮಾಹಿತಿ ಕೊಟ್ಟು ಹೋಗಿ ಬನ್ನಿ ಅಂದ್ರು. ಇನ್ನರ್ಧ ಜನಕ್ಕೆ ಕೌನ್ಸೆಲರ್ ಅವ್ರೆದುರಿಗೇ ಗುಂಪಿನ ಒಬ್ಬ ಸದಸ್ಯರಿಗೆ ಫೋನ್ ಹಚ್ಚಿ ಮಾತಾಡ್ಸಿದ್ರು, ಆ ಸದಸ್ಯರು ಜೊತೆಗೆ ಹೋಗೋಣ ಅಂದ್ರು. ಎರಡನೇ ಗುಂಪಿನವ್ರು ಎಲ್ಲರೂ ಹೋದ್ರು. ಮೊದಲನೇ ಗುಂಪಿಂದ ಒಬ್ಬರೂ ಹೋಗ್ಲಿಲ್ಲ! ಸಣ್ಣ ಅಧ್ಯಯನ, ಅದ್ರಿಂದ ದೊಡ್ಡ ಮಾತು ಆಡ್ಬಾರ್ದು ನಿಜ, ಆದ್ರೆ ಓದಿದಾಗ ನನ್ ಚೀಟಿ ನೆನಪಾಯ್ತು ನೋಡಿ.

ಅಷ್ಟೇ ಯಾಕೆ, ಆಲ್ಕೋಹಾಲಿಕ್ಸ್ ಅನಾನಿಮಸ್, ನಾವು ಎಎ ಅಂತೀವಲ್ಲ, ಕುಡಿತ ಬಿಡೋಕೆ ಒಬ್ರಿಗೊಬ್ರು ನೆರವಾಗೋರ ಕೂಟ, ಅದು ಹುಟ್ಟಿದ್ದೇ ಒಂದು ಫೋನಿಂದ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು, ಬಿಲ್ ವಿಲ್ಸನ್ ಅನ್ನೋ ಶೇರು ವ್ಯಾಪಾರದವನು ಕುಡಿತ ಬಿಟ್ಟು ಆರು ತಿಂಗಳೂ ಆಗಿರ್ಲಿಲ್ಲ, ಬಂದ ಕೆಲಸ ಕೆಟ್ಟಿತ್ತು, ಹೋಟೆಲಿನ ಲಾಬಿಯಲ್ಲಿ ಒಬ್ನೇ ನಿಂತಿದ್ದಾನೆ, ಒಂದ್ ಕಡೆ ಬಾರಿಂದ ನಗು ಮಾತು ಕೇಳಿಸ್ತಿದೆ, ಇನ್ನೊಂದ್ ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಫೋನ್ ಎತ್ತಿದ. ಒಬ್ಬ ಪಾದ್ರಿ, ಅವ್ರಿಂದ ಇನ್ನಷ್ಟು ಹೆಸರು, ಹಂಗೇ ಹೋಗಿ ಹೋಗಿ ಹೆನ್ರಿಯೆಟ್ಟಾ ಸೈಬರ್ಲಿಂಗ್ ಅನ್ನೋ ಹೆಂಗಸು ಸಿಕ್ರು, ಅವ್ರು ಡಾಕ್ಟರ್ ಬಾಬ್ ಸ್ಮಿತ್ ಅನ್ನೋ ಸರ್ಜನ್ನನ್ನ ಭೇಟಿ ಮಾಡಿಸಿದ್ರು. ಬಾಬ್ ಹದಿನೈದೇ ನಿಮಿಷ ಅಂತ ಹೇಳಿ ಬಂದೋನು ಗಂಟೆಗಟ್ಲೆ ಕೂತ್ಬಿಟ್ಟ. ನಂಗೆ ಇಷ್ಟ ಆಗೋದೇನಂದ್ರೆ, ಬಿಲ್ ಅವತ್ತು ಹುಡುಕ್ತಿದ್ದಿದ್ದು ಡಾಕ್ಟರನ್ನಲ್ಲ, ತನ್ ಥರಾನೇ ಒದ್ದಾಡ್ತಿರೋ ಇನ್ನೊಬ್ಬ ಕುಡುಕನ್ನ.

ಹಾಗಂತ ಡಾಕ್ಟರೇ ಬೇಡ ಅಂತಲ್ಲ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ವರ್ಷಗಟ್ಲೆ ದಿನಾ ಜಾಸ್ತಿ ಕುಡೀತಿದ್ದೋರು ಆವೇಶದಲ್ಲಿ ಒಂದೇ ಏಟಿಗೆ ನಿಲ್ಲಿಸಿದ್ರೆ ಕೈ ನಡುಗೋದು, ಫಿಟ್ಸ್, ಇಲ್ಲದ್ದೆಲ್ಲ ಕಣ್ಣಿಗೆ ಕಾಣೋದು, ಮೊದಲ ಮೂರ್ನಾಕು ದಿನದಲ್ಲಿ ಜೀವಕ್ಕೇ ಅಪಾಯ ಬರ್ಬಹುದು. ಮೊದ್ಲು ಡಾಕ್ಟರ ಹತ್ರ ಹೋಗಿ. ಮೀಟಿಂಗಲ್ಲಿ ಯಾರೂ ಔಷಧಿ ಕೊಡಲ್ಲ, ನೀವು ತಗೋತಿರೋ ಮಾತ್ರೆ ನಿಲ್ಲಿಸಿ ಅಂತ ಯಾರಾದ್ರೂ ಅಂದ್ರೆ ಅವ್ರ ಮಾತು ಕೇಳ್ಬೇಡಿ.

ಈಗ ಫೋನ್ ವಿಷ್ಯ. ಮೀಟಿಂಗ್ ಪಟ್ಟಿ ಹಳೇದಾಗಿರುತ್ತೆ ಸ್ವಾಮಿ. ನಾನು ಮೊದಲನೇ ಸಲ ಹೋದಾಗ ಬಾಗಿಲಿಗೆ ಬೀಗ, ಆ ಗುಂಪು ಮೀಟಿಂಗನ್ನ ಬೇರೆ ದಿನಕ್ಕೆ ಬದಲಾಯ್ಸಿತ್ತು, ನಾನಂತೂ ದೇವ್ರೇ ಬೇಡ ಅಂದ ಅಂದ್ಕೊಂಡು ಸೀದಾ ಬಾರಿಗೆ ಹೋದೆ, ನೆಪ ಬೇಕಿತ್ತು, ಸಿಕ್ತು. ಅದಕ್ಕೇ ಹೋಗೋ ಮುಂಚೆ ಫೋನ್ ಮಾಡಿ, ಇವತ್ತು ಮೀಟಿಂಗ್ ಇದೆ ತಾನೇ, ಯಾವ ಭಾಷೇಲಿ ಮಾತಾಡ್ತೀರಾ, ಓಪನ್ನಾ ಕ್ಲೋಸ್ಡಾ ಅಂತ ಕೇಳಿ. ಓಪನ್ ಅಂದ್ರೆ ಯಾರು ಬೇಕಾದ್ರೂ ಬರ್ಬಹುದು, ಹೆಂಡತಿ, ಅಣ್ಣ, ಸ್ನೇಹಿತ. ಕ್ಲೋಸ್ಡ್ ಅಂದ್ರೆ ಕುಡಿತ ಬಿಡ್ಬೇಕು ಅನ್ನೋ ಆಸೆ ಇರೋರಿಗೆ ಮಾತ್ರ. ಆಸೆ ಅಷ್ಟೇ, ಬಿಟ್ಟೇ ಬಂದಿರ್ಬೇಕು ಅಂತೇನಿಲ್ಲ. ಫೀಸಿಲ್ಲ, ಅರ್ಜಿ ಇಲ್ಲ. ಕೊನೇಗೆ ನಾಚಿಕೆ ಬಿಟ್ಟು ಕೇಳಿ, ನಾನು ಹೊಸಬ, ಬಾಗಿಲ ಹತ್ರ ಯಾರಾದ್ರೂ ನಿಂತಿರ್ತೀರಾ ಅಂತ. ನಾನು ಹೀಗೆ ಕೇಳ್ದಾಗ ಇಲ್ಲ ಅಂದವ್ರು ಯಾರೂ ಇಲ್ಲ.

ಒಳಗೆ ಏನೂ ಮಾತಾಡ್ಬೇಕಿಲ್ಲ, ಹೆಸರೊಂದು ಹೇಳಿದ್ರೆ ಸಾಕು, ಸುಮ್ನೆ ಕೂತ್ಕೊಂಡು ಕೇಳ್ಬಹುದು. ಎಎಯಲ್ಲಿ ದೇವರ ಮಾತು ಬರುತ್ತೆ, ಕೆಲವ್ರಿಗೆ ಅದು ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ. ಅಂಥವ್ರಿಗೆ ಸ್ಮಾರ್ಟ್ ರಿಕವರಿ ಅಂತ ಇದೆ, 1994ರಿಂದ, ಅಲ್ಲಿ ದೇವರ ವಿಷ್ಯ ಬರಲ್ಲ, ಕುಡಿಯೋ ಆಸೆ ಬಂದಾಗ ತಲೇಲಿ ಏನು ಓಡುತ್ತೆ, ಅದನ್ನ ತಿರುಗ್ಸೋದು ಹೇಗೆ ಅಂತ ಕಲಿಸ್ತಾರೆ. ಹತ್ರದಲ್ಲಿ ಏನೂ ಇಲ್ಲ ಅಂದ್ರೆ ಆನ್‌ಲೈನಲ್ಲೂ ನಡೀತವೆ. ಮನೆಯವ್ರಿಗೆ ಅಲ್-ಅನಾನ್ ಇದೆ, 1951ರಲ್ಲಿ ಬಿಲ್ ಹೆಂಡತಿ ಲೋಯಿಸ್ ಇನ್ನೊಬ್ರ ಜೊತೆ ಸೇರಿ ಶುರು ಮಾಡಿದ್ದು, ಕುಡಿಯೋನು ಬರ್ಲಿ ಬಿಡ್ಲಿ ನೀವು ಹೋಗ್ಬಹುದು.

ಒಂದು ಗುಂಪು ಒಗ್ಗಲಿಲ್ಲ ಅಂದ್ರೆ ಇನ್ನೊಂದು ನೋಡಿ. ನಂಗೆ ಮೊದಲನೇದ್ರಲ್ಲಿ ಒಬ್ರು ಮುಕ್ಕಾಲು ಗಂಟೆ ಕೊರೆದ್ರು, ಎರಡನೇದ್ರಲ್ಲಿ ಯಾರ ಮಾತೂ ತಲೆಗೆ ಹೋಗ್ಲಿಲ್ಲ, ಮೂರನೇದ್ರಲ್ಲಿ ಒಬ್ಬ ಅಜ್ಜ ತನ್ನ ಬಾಟ್ಲಿ ಎಲ್ಲೆಲ್ಲಿ ಬಚ್ಚಿಡ್ತಿದ್ದೆ ಅಂತ ಹೇಳಿದ್ರು, ನೀರಿನ ಟ್ಯಾಂಕ್ ಒಳಗೆ ಅಂದ್ರು, ನಾನು ಬೆಚ್ಚಿಬಿದ್ದೆ, ಯಾಕಂದ್ರೆ ನಂದೂ ಅಲ್ಲೇ ಇರ್ತಿತ್ತು. ಅಲ್ಲೇ ಉಳ್ಕೊಂಡೆ.

ಈಗ ಮಾತು ಮುಗಿದ ಮೇಲೆ ನಾನು ಆ ಕಿಟಕಿ ಪಕ್ಕ ಕೂತಿರ್ತೀನಿ. ಯಾರ ಪರ್ಸಲ್ಲಾದ್ರೂ ಚೀಟಿ ಇದ್ರೆ ತನ್ನಿ, ನಂಬರ್ ಹಚ್ಚೋಣ, ಆ ಕಡೆಯಿಂದ ಹಲೋ ಅಂದಾಗ ಮಾತು ಹೊರಡ್ಲಿಲ್ಲ ಅಂದ್ರೆ ಫೋನ್ ನನ್ ಕೈಗೆ ಕೊಡಿ.