ಕೃಷ್ಣನಿಗೆ ಮಂಡಿ ನೋಯಲ್ವಾ?

ಈ ಮಂಡಿ ನೋಡಿ. ಬ್ಯಾಂಡ್‌ಏಡ್ ಅಂಟಿಸಿರುವ ಈ ಪುಟಾಣಿ ಮಂಡಿ ನನ್ನ ಅಕ್ಕನ ಮಗಳದ್ದು. ವಯಸ್ಸು ನಾಲ್ಕು. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಇರಲಿ. ಬೆಳಗ್ಗೆ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಓಡಿ ಬಿದ್ದಳು. ತಪ್ಪು ನನ್ನದೇ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಟಿಕೆಟ್. ಮಗುವನ್ನು ಹಿಡಿದುಕೊಳ್ಳೋಕೆ ಮೂರನೇ ಕೈ ಇರಲಿಲ್ಲ.

ಎರಡು ನಿಮಿಷ ಜೋರಾಗಿ ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, "ಚಿಕ್ಕಿ, ಒಳಗೆ ಇನ್ನೂ ಎಷ್ಟು ರಕ್ತ ಇದೆ?" ಅಂತ ಕೇಳಿದಳು. ಬೇಕಾದಷ್ಟಿದೆ ಅಂದೆ. ಸಮಾಧಾನವಾಯಿತು.

ಇವತ್ತು ನಾವಿಬ್ಬರೇ ಚನ್ನಪಟ್ಟಣಕ್ಕೆ ಹೊರಟಿದ್ದೇವೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಆದಮೇಲೆ ಕಾರಿನವರು ಬಿಡದಿ, ರಾಮನಗರ, ಚನ್ನಪಟ್ಟಣ ಯಾವ ಊರನ್ನೂ ಮುಟ್ಟದೆ ಹೊರಗಿನಿಂದಲೇ ಮೈಸೂರು ಸೇರಿಬಿಡುತ್ತಾರೆ. ರೈಲು ಪಾಪ, ಇನ್ನೂ ಊರೂರಿಗೆ ನಿಂತು ಹೋಗುತ್ತದೆ. ನಾಲ್ಕು ವರ್ಷದವರ ಜೊತೆ ಹೋಗೋಕೆ ಅದೇ ಸರಿ.

ಕಿಟಕಿಯಾಚೆ ಕಾಣುತ್ತಿರುವುದು ರಾಮನಗರದ ಬಂಡೆಗಳು.

"ಇದನ್ನೆಲ್ಲ ಯಾರು ಇಟ್ಟಿದ್ದು?"

"ಯಾರೂ ಇಟ್ಟಿಲ್ಲ ಪುಟ್ಟಿ. ಮೊದಲಿಂದ ಇಲ್ಲೇ ಇವೆ."

"ನಾನು ಹುಟ್ಟೋಕೆ ಮುಂಚೇನೂ?"

"ಅಜ್ಜಿ ಹುಟ್ಟೋಕೆ ಮುಂಚೇನೂ."

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ ಅನ್ನುತ್ತಾರೆ ಭೂವಿಜ್ಞಾನಿಗಳು. ಆ ಸಂಖ್ಯೆ ಕೇಳಿ ನನಗೆ ಏನೂ ಅನಿಸಿರಲಿಲ್ಲ. ಅಜ್ಜಿಗಿಂತ ಹಳೆಯದು ಅಂತ ಕೇಳಿದವಳು ಮಾತ್ರ ಚನ್ನಪಟ್ಟಣ ಬರುವವರೆಗೂ ಬಾಯಿ ಬಿಡಲಿಲ್ಲ.

ಸ್ಟೇಷನ್ನಿನಿಂದ ಆಟೋದಲ್ಲಿ ದೊಡ್ಡಮಳೂರು. ಅಪ್ರಮೇಯ ಸ್ವಾಮಿ ದೇವಸ್ಥಾನ. ಇದೇ ಆವರಣದಲ್ಲಿ ನವನೀತ ಕೃಷ್ಣನ ಗುಡಿಯೂ ಇದೆ. ಹೆಚ್ಚಿನವರು ಬರುವುದು ಅವನನ್ನು ನೋಡೋಕೆ. ಒಳಗಿನ ವಿಡಿಯೊ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬೆಳಗಿನ ಪಾಠ ಆದಮೇಲೆ ಫೋನ್ ಬ್ಯಾಗಿನಲ್ಲಿ, ಪುಟ್ಟಿಯ ಕೈ ನನ್ನ ಕೈಯಲ್ಲಿ. ಹಾಗಾಗಿ ಬಾಯಿಮಾತಲ್ಲೇ ಹೇಳುತ್ತೇನೆ.

ಕಪ್ಪು ಶಿಲೆ. ಅಂಬೆಗಾಲಿಡುವ ಕೂಸು. ಒಂದು ಕೈಯಲ್ಲಿ ಬೆಣ್ಣೆ ಮುದ್ದೆ. ಶಂಖ ಚಕ್ರ ಇಲ್ಲ, ಸಿಂಹಾಸನ ಇಲ್ಲ. ಅಡುಗೆಮನೆಯಲ್ಲಿ ಏನೋ ಕದ್ದು, ಅಮ್ಮ ಬಂದಳಾ ಅಂತ ತಿರುಗಿ ನೋಡುವ ಮಗು ಇರುತ್ತದಲ್ಲ, ಥೇಟ್ ಹಾಗೆ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಇವನನ್ನು ನೋಡಿಯೇ ಅನ್ನುವ ನಂಬಿಕೆ ಇಲ್ಲಿದೆ. ಜಗತ್ತನ್ನೇ ಕಾಯುವವನನ್ನು ಯಶೋದೆ ಎತ್ತಿ ಆಡಿಸಿದಳು ಅಂತ.

ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಇಲ್ಲಿಗೆ ತೊಟ್ಟಿಲು ಒಪ್ಪಿಸುತ್ತಾರೆ. ಅಂಗೈಯಗಲದ ಪುಟ್ಟ ಪುಟ್ಟ ತೊಟ್ಟಿಲುಗಳು. ಕ್ಯೂನಲ್ಲಿದ್ದ ಒಬ್ಬ ಅಜ್ಜಿ ಪುಟ್ಟಿಯ ಗಲ್ಲ ಹಿಂಡಿ, "ಇವಳಿಗೊಬ್ಬ ತಮ್ಮ ಬೇಕು ಅಂತ ಬಂದಿದ್ದೀಯೇನಮ್ಮ?" ಅಂದರು. ಇವಳು ಅಕ್ಕನ ಮಗಳು, ನನಗೆ ಮಕ್ಕಳಿಲ್ಲ ಅಂದೆ. "ಸರಿಯಾದ ಜಾಗಕ್ಕೇ ಬಂದಿದ್ದೀಯ ಬಿಡು" ಅಂತ ಬೆನ್ನು ಸವರಿದರು. ನಾನು ಬಂದಿದ್ದು ಅದಕ್ಕಲ್ಲ. ಆದರೆ ಆ ಕೈ ಬಿಸಿಯಾಗಿತ್ತು, ಎದುರು ಮಾತಾಡೋಕೆ ಮನಸ್ಸಾಗಲಿಲ್ಲ.

ನಮ್ಮ ಸರದಿ ಬಂತು. ಎಲ್ಲರೂ ಕೈ ಮುಗಿದರು. ಪುಟ್ಟಿ ಮಾತ್ರ ಬಗ್ಗಿ ಬಗ್ಗಿ ನೋಡಿ ಗಟ್ಟಿಯಾಗಿ ಕೇಳಿಯೇಬಿಟ್ಟಳು.

"ಕಲ್ಲಿನ ಮೇಲೆ ಹಾಗೆ ಕೂತರೆ ಕೃಷ್ಣನಿಗೆ ಮಂಡಿ ನೋಯಲ್ವಾ?"

ಅರ್ಚಕರು ಮಂಗಳಾರತಿ ತಟ್ಟೆ ಹಿಡಿದವರು ಹಾಗೇ ನಿಂತರು. ಅವಳ ಬ್ಯಾಂಡ್‌ಏಡ್ ಕಾಣಿಸಿತು ಅನಿಸುತ್ತದೆ. "ನೋಯುತ್ತಮ್ಮ. ಅದಕ್ಕೇ ಕೈಗೆ ಬೆಣ್ಣೆ ಕೊಟ್ಟು ಕೂರಿಸಿದ್ದೀವಿ" ಅಂದರು. ಪುಟ್ಟಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಾನು ಬೇಡಿಕೊಳ್ಳೋಕೆ ಒಂದು ಪಟ್ಟಿಯನ್ನೇ ತಂದಿದ್ದೆ. ಆಫೀಸಿನದ್ದೊಂದು, ಮನೆ ಲೋನಿನದ್ದೊಂದು, ಹೇಳಿಕೊಳ್ಳದೆ ಇಟ್ಟುಕೊಂಡಿದ್ದು ಇನ್ನೊಂದು. ಅವಳ ಪ್ರಶ್ನೆ ಕೇಳಿದಮೇಲೆ ಒಂದೂ ಬಾಯಿಗೆ ಬರಲಿಲ್ಲ. ಮಂಡಿ ನೋಯುತ್ತಿರುವ ಮಗುವಿನ ಹತ್ತಿರ ಲೋನಿನ ವಿಷಯ ಹೇಗೆ ಮಾತಾಡೋದು?

ಭಕ್ತಿಯಲ್ಲಿ ಐದು ಭಾವ ಅನ್ನುತ್ತಾರೆ. ಶಾಂತ, ದಾಸ್ಯ, ಸಖ್ಯ, ವಾತ್ಸಲ್ಯ, ಮಧುರ. ನನ್ನಂಥವರಿಗೆ ಗೊತ್ತಿರೋದು ದಾಸ್ಯ ಒಂದೇ, ಅದೂ ಅರ್ಧಂಬರ್ಧ. ನೀನು ಒಡೆಯ, ಕೊಡು. ವಾತ್ಸಲ್ಯದಲ್ಲಿ ಲೆಕ್ಕವೇ ತಿರುಗಾಮುರುಗಾ. ಕೊಡಬೇಕಾದವರು ನಾವು. ಅವನಿಗೆ ಹಸಿವಾಯಿತಾ, ಚಳಿಯಾಯಿತಾ, ಬಿದ್ದನಾ ಅಂತ ನೋಡಿಕೊಳ್ಳಬೇಕಾದವರೂ ನಾವು. ಇದನ್ನು ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೇನೆ, ತಲೆ ಆಡಿಸಿ ಎದ್ದು ಬಂದಿದ್ದೇನೆ. ಪುಟ್ಟಿ ಪ್ರವಚನ ಕೇಳಿಲ್ಲ. ಅವಳಿಗೆ ಮಂಡಿ ತರಚಿತ್ತು, ಅಷ್ಟೇ.

ಮಧ್ಯಾಹ್ನ ಮತ್ತೆ ಚನ್ನಪಟ್ಟಣ. ಗೊಂಬೆ ಮಾಡುವ ಒಂದು ಸಣ್ಣ ಕಾರ್ಖಾನೆ. ಇಲ್ಲಿ ವಿಡಿಯೊ ಇದೆ, ನೋಡಿ. ಆ ಬಿಳಿ ಮರ ಹಾಲೆ ಮರ. ಮೆತ್ತಗಿರುತ್ತದೆ, ಕಡೆಯೋಕೆ ಸುಲಭ. ಅವರ ಕೈಯಲ್ಲಿರುವ ಕೆಂಪು ಕಡ್ಡಿ ಅರಗು, ಬಣ್ಣ ಕಲಸಿದ್ದು. ತಿರುಗುವ ಮರಕ್ಕೆ ಅದನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬ್ರಷ್ ಇಲ್ಲ, ಪೇಂಟ್ ಡಬ್ಬ ಇಲ್ಲ. ಆಮೇಲೆ ಒಣಗಿದ ತಾಳೆ ಗರಿಯಿಂದ ತಿಕ್ಕುತ್ತಾರೆ. ಕಣ್ಣೆದುರಿಗೇ ಫಳಫಳ ಅನ್ನುತ್ತದೆ.

ಬೋಳು ಮರದ ಮೇಲೆ ಕೆಂಪು ಉಂಗುರ ಮೂಡಿದ್ದು ನೋಡಿ ಪುಟ್ಟಿ "ಹಾ!" ಅಂದಳು. ಬುಗುರಿ ತಯಾರಾಯಿತು. "ಇನ್ನೊಂದು" ಅಂದಳು. ಅವರು ಇನ್ನೊಂದು ಮಾಡಿದರು. ಮತ್ತೆ "ಹಾ!" ಐದನೆಯದಕ್ಕೂ ಅದೇ "ಹಾ!", ಒಂಚೂರೂ ಕಡಿಮೆ ಇಲ್ಲ. ನಾನು ಎರಡನೆಯದಕ್ಕೇ ವಾಚ್ ನೋಡಿಕೊಂಡಿದ್ದೆ. ನಮ್ಮಜ್ಜಿ ಜಪಮಾಲೆ ಹಿಡಿದು ದಿನಾ 108 ಸಲ ಒಂದೇ ಹೆಸರು ಹೇಳುತ್ತಿದ್ದರು. ಬೇಜಾರಾಗಲ್ವಾ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಒಂದೇ ಅಂತ ನಿನಗೆ ಅನಿಸುತ್ತದೆ ಕಣೇ" ಅಂದಿದ್ದರು. ಆ ಮಾತು ಇಷ್ಟು ವರ್ಷ ಆದಮೇಲೆ, ಲೇತ್ ಯಂತ್ರದ ಗದ್ದಲದ ನಡುವೆ, ಯಾಕೋ ನೆನಪಾಯಿತು.

ಮಕ್ಕಳು ದೇವರು ಅಂತೆಲ್ಲ ನಾನು ಹೇಳಲ್ಲ. ವಾಪಸ್ ಬರುವಾಗ ಇದೇ ದೇವರು ಸ್ಟೇಷನ್ನಿನಲ್ಲಿ ಚಿಪ್ಸ್ ಪ್ಯಾಕೆಟ್‌ಗೋಸ್ಕರ ನೆಲದ ಮೇಲೆ ಹೊರಳಾಡಿದಳು. ಹತ್ತು ನಿಮಿಷ. ಜನ ನನ್ನನ್ನೇ ನೋಡುತ್ತಿದ್ದರು. ನಾನೂ ಒಂದು ಸಲ ಗದರಿದೆ, ಜಾಸ್ತಿಯೇ ಗದರಿದೆ. ದಿನಾ ನೋಡಿಕೊಳ್ಳುವ ಅಕ್ಕನಿಗೆ ಎಷ್ಟು ಸುಸ್ತಾಗುತ್ತದೆ ಅಂತ ಆಗ ಗೊತ್ತಾಯಿತು. ನನ್ನದು ಒಂದು ದಿನದ ಯಶೋದೆ ಪಾತ್ರ. ಸಂಜೆಗೆ ಒಪ್ಪಿಸಿ ಬರಬಹುದು. ಇಂಥ ವಿಡಿಯೊ ಮಾಡೋಕೆ ಅದೂ ಒಂದು ಕಾರಣ, ಅಲ್ವಾ?

ಬಿಡದಿ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮುಷ್ಟಿಯಲ್ಲಿ ಬುಗುರಿ. ಕಾಲು ಜೋಮು ಹಿಡಿಯಿತು. ಕದಲಿದರೆ ಏಳುತ್ತಾಳೆ ಅಂತ ಹಾಗೇ ಕೂತೆ. ಫೋನ್ ಬ್ಯಾಗಿನಲ್ಲಿತ್ತು, ಬ್ಯಾಗ್ ಮೇಲಿನ ರ‍್ಯಾಕ್‌ನಲ್ಲಿ. ಕೆಂಗೇರಿಯವರೆಗೂ ಸುಮ್ನೆ ಅವಳ ಉಸಿರು ನೋಡಿದೆ. ಮೇಲೆ, ಕೆಳಗೆ. ಮೇಲೆ, ಕೆಳಗೆ.

ರಾತ್ರಿ ಹತ್ತಕ್ಕೆ ಅಕ್ಕ ಒಂದು ಫೋಟೊ ಕಳಿಸಿದಳು. ಅದನ್ನೇ ಕೊನೆಗೆ ಹಾಕಿದ್ದೇನೆ. ಅವರ ದೇವರ ಮನೆಯಲ್ಲಿ ಹಿತ್ತಾಳೆಯ ಅಂಬೆಗಾಲು ಕೃಷ್ಣ ಇದ್ದಾನೆ, ಹೆಬ್ಬೆರಳಷ್ಟು ಎತ್ತರ. ಅವನ ಕೆಳಗೆ ನಾಲ್ಕು ಮಡಿಕೆ ಮಾಡಿದ ಕರ್ಚೀಫು. ಮಂಡಿಗೆ ಒಂದು ಬ್ಯಾಂಡ್‌ಏಡ್, ಓರೆಯಾಗಿ ಅಂಟಿಸಿದ್ದು.

"ತೆಗೆಯೋಕೆ ಹೋದರೆ ಅಳುತ್ತಾಳೆ. ನಾಳೆ ಪೂಜೆ ಹೇಗೆ ಮಾಡಲಿ?" ಅಂತ ಅಕ್ಕ ಕೇಳಿದ್ದಾಳೆ.

ಹಾಗೇ ಮಾಡು ಅಂತ ಬರೆದೆ.